ಹವಳದ ಗೋಡೆಯೂ ಸೆಳವಿನ ದಾರಿಯೂ

ಕಡಲನ್ನು ಕುರಿತು ಮಾನವನು ಬರೆದಿಟ್ಟ ಇತಿಹಾಸವು ಬಹುಮಟ್ಟಿಗೆ ಕಡಲ ಮೇಲ್ಮೈಯ ಇತಿಹಾಸವೇ ಆಗಿದೆ. ಹಡಗುಗಳು ಹೋದ ದಾರಿ, ಬಂದರುಗಳು ಬೆಳೆದ ಬಗೆ, ನೌಕಾಯುದ್ಧಗಳ ಸೋಲುಗೆಲವು ಮೊದಲಾದುವು ನಮ್ಮ ಗ್ರಂಥಗಳಲ್ಲಿ ತುಂಬಿವೆ. ಹಡಗಿನ ತಳದಿಂದ ಇಪ್ಪತ್ತು ಮಾರು ಕೆಳಗೆ ಏನಿದೆಯೆಂಬುದಾದರೋ, ಮುತ್ತಿಗಾಗಿ ಉಸಿರು ಕಟ್ಟಿ ಮುಳುಗುತ್ತಿದ್ದವರ ಒಂದೆರಡು ನಿಮಿಷಗಳ ನೋಟವನ್ನು ಬಿಟ್ಟರೆ, ತೀರ ಈಚಿನವರೆಗೂ ಮನುಷ್ಯನ ಕಣ್ಣಿಗೆ ನಿಲುಕದ ಸಂಗತಿಯಾಗಿತ್ತು. ಹಾಗೆ ಮರೆಯಾಗಿದ್ದ ವಸ್ತುಗಳಲ್ಲಿ ಹವಳದ ಗೋಡೆಯೂ ಒಂದು. ಉಷ್ಣವಲಯದ ಸಮುದ್ರಗಳಲ್ಲಿ ಹವಳದ ದಿಬ್ಬದ ಹೊರಅಂಚು ಎಷ್ಟೋ ಕಡೆ ನೆಟ್ಟಗೆ, ಕೋಟೆಯ ಗೋಡೆಯಂತೆ, ಕಗ್ಗತ್ತಲೆಯ ಆಳಕ್ಕೆ ಇಳಿದುಹೋಗುತ್ತದೆ. ಈ ಗೋಡೆಯನ್ನು ಮಾನವನು ಮೊದಲು ಹಗ್ಗದಿಂದ ಅಳೆದನು. ಬಳಿಕ ಬೈರಿಗೆಯಿಂದ ಕೊರೆದನು. ಕಟ್ಟಕಡೆಗೆ ತನ್ನ ಮೈಯನ್ನೇ ಕಡಲ ಸೆಳವಿಗೆ ಒಪ್ಪಿಸಿ ಅದರ ಪಕ್ಕದಲ್ಲಿ ಸಾಗಿ ಕಣ್ಣಾರೆ ಕಂಡನು. ಈ ಮೂರು ಘಟ್ಟಗಳ ಕಥೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಗೋಡೆಯ ಸ್ವರೂಪವನ್ನು ಅರಿಯುವುದು ಅವಶ್ಯಕ. ಹವಳವು ನೋಟಕ್ಕೆ ಕಲ್ಲಿನಂತೆಯೂ ಗಿಡದಂತೆಯೂ ತೋರುತ್ತದೆಯಾದರೂ ವಸ್ತುತಃ ಅದು ಪ್ರಾಣಿ. ಸಾಸಿವೆಯಷ್ಟರಿಂದ ಹಿಡಿದು ಅಂಗೈ ಅಗಲದವರೆಗೆ ಬೆಳೆಯುವ ಈ ಮೆದುವಾದ ಜೀವಿಗಳು ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ತಮಗೆ ಗೂಡುಗಳನ್ನು ಕಟ್ಟಿಕೊಳ್ಳುತ್ತವೆ. ಒಂದು ತಲೆಮಾರು ಅಳಿದ ಬಳಿಕ ಅದರ ಗೂಡಿನ ಮೇಲೆ ಮತ್ತೊಂದು ತಲೆಮಾರು ಗೂಡು ಕಟ್ಟುತ್ತದೆ. ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಅತಿ ಸೂಕ್ಷ್ಮವಾದ ಪಾಚಿಗಳು ಒಕ್ಕಲಿದ್ದು, ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ ತಮ್ಮ ಆಶ್ರಯದಾತರಿಗೂ ಪಾಲು ಕೊಡುತ್ತವೆ. ಆದುದರಿಂದ ಬೆಳಕು ಸೋಕದ ಆಳದಲ್ಲಿ ಅವು ದಿಬ್ಬ ಕಟ್ಟಲಾರವು. ಬೆಳಕಿನಷ್ಟೇ ಅವಶ್ಯವಾದುದು ನೀರಿನ ಚಲನೆ. ನಿಂತಲ್ಲಿಂದ ಕದಲಲಾರದ ಜೀವಿಗೆ ಅನ್ನವು ತಾನಾಗಿ ಬರಬೇಕು. ಅದನ್ನು ಹೊತ್ತು ತರುವುದು ಸೆಳವು. ಗೋಡೆಯ ಮೇಲೆ ಬೆಳೆಯುವ ಕಡಲ ಬೀಸಣಿಗೆಗಳೆಂಬ ಜೀವಿಗಳು ಸೆಳವಿಗೆ ಅಡ್ಡಲಾಗಿ ತಮ್ಮ ಜಾಲವನ್ನು ಹರಡಿಕೊಂಡಿರುವುದನ್ನು ನೋಡಿದರೆ, ಆ ಸ್ಥಳದಲ್ಲಿ ನೀರು ಯಾವ ದಿಕ್ಕಿನಿಂದ ಹರಿಯುತ್ತದೆಂಬುದನ್ನು ಹೇಳಿಬಿಡಬಹುದು.

ಹಗ್ಗದ ಕಾಲವು ಚಾರ್ಲ್ಸ್ ಡಾರ್ವಿನ್ನನದು. ೧೮೩೬ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ 'ಬೀಗಲ್' ನೌಕೆಯು ಹಿಂದೂ ಮಹಾಸಾಗರದ ಕೀಲಿಂಗ್ ಅಥವಾ ಕೋಕೋಸ್ ದ್ವೀಪಗಳಲ್ಲಿ ತಂಗಿತು. ಅವು ನಡುವೆ ತಿಳಿನೀರಿನ ಕೊಳವಿದ್ದು ಸುತ್ತಲೂ ಹವಳದ ಉಂಗುರವಿರುವ ಕಂಕಣ ದ್ವೀಪಗಳು. ನೌಕೆಯ ನಾಯಕ ಫಿಟ್ಸ್‌ರಾಯ್‌ನು ದಡದಿಂದ ಕೇವಲ ೨,೨೦೦ ಗಜ ದೂರದಲ್ಲಿ ೭,೨೦೦ ಅಡಿ ಹಗ್ಗವನ್ನು ಇಳಿಬಿಟ್ಟರೂ ತಳ ಸಿಕ್ಕಲಿಲ್ಲ. ದಿಬ್ಬದ ಅಂಚಿನಲ್ಲಿ ಅನುಸರಿಸಿದ ಉಪಾಯವು ಇನ್ನೂ ಸ್ವಾರಸ್ಯಕರ. ಸೀಸದ ಗುಂಡಿನ ಬುಡಕ್ಕೆ ಕೊಬ್ಬನ್ನು ಮೆತ್ತಿ ಇಳಿಬಿಡುತ್ತಿದ್ದರು. ಹತ್ತು ಮಾರು ಆಳದೊಳಗೆ ಅದು ಜೀವಂತ ಹವಳಗಳ ಅಚ್ಚುಗಳನ್ನು ಹೊತ್ತು, ಮರಳಿನ ಕಣವಿಲ್ಲದೆ ಮೇಲೆ ಬರುತ್ತಿತ್ತು. ಆಳ ಹೆಚ್ಚಿದಂತೆ ಅಚ್ಚುಗಳು ವಿರಳವಾಗಿ ಮರಳು ಹೆಚ್ಚಾಯಿತು. ದಿಬ್ಬ ಕಟ್ಟುವ ಹವಳವು ಇಪ್ಪತ್ತು ಮೂವತ್ತು ಮಾರುಗಳಿಗಿಂತ ಕೆಳಗೆ ಬಾಳದು ಎಂಬ ತೀರ್ಮಾನಕ್ಕೆ ಡಾರ್ವಿನ್ನನು ಬಂದನು. ಒಂದು ಮುಷ್ಟಿ ಕೊಬ್ಬಿನ ಮೇಲೆ ಮೂಡಿದ ಅಚ್ಚಿನಿಂದ ಅಷ್ಟನ್ನು ಊಹಿಸಿದ ಬುದ್ಧಿಶಕ್ತಿಗೆ ಯಾರಾದರೂ ತಲೆದೂಗಬೇಕು.

ಹೀಗಿರಲು ಒಂದು ಸಮಸ್ಯೆ ಎದುರಾಯಿತು. ಮೂವತ್ತು ಮಾರಿನ ಕೆಳಗೆ ಬದುಕಲಾರದ ಜೀವಿಯು ಸಾವಿರ ಮಾರಿನ ಆಳದಿಂದ ಗೋಡೆಯನ್ನು ಎಬ್ಬಿಸಿದುದು ಹೇಗೆ? ಕಡಲೊಳಗಿನ ಅಗ್ನಿಪರ್ವತಗಳ ಬಾಯಂಚಿನ ಮೇಲೆ ಹವಳವು ಕುಳಿತಿದೆಯೆಂದು ಆಗ ಕೆಲವರು ತಿಳಿದಿದ್ದರು. ಡಾರ್ವಿನ್ನನ ಉತ್ತರವು ಬೇರೆಯಾಗಿತ್ತು. ಮೊದಲು ಒಂದು ಬೆಟ್ಟದ ದ್ವೀಪ. ಅದರ ದಡಕ್ಕೆ ಅಂಟಿಕೊಂಡು ಹವಳದ ದಿಬ್ಬ. ಯುಗಯುಗಗಳಲ್ಲಿ ಬೆಟ್ಟವು ಮೆಲ್ಲಮೆಲ್ಲನೆ ಕುಸಿಯುತ್ತದೆ. ಹವಳವು ಅಷ್ಟೇ ಮೆಲ್ಲಗೆ ಮೇಲ್ಮುಖವಾಗಿ ಬೆಳೆಯುತ್ತದೆ. ಹೀಗೆ ದಡಕ್ಕೂ ದಿಬ್ಬಕ್ಕೂ ನಡುವೆ ನೀರು ಬಂದು ತಡೆದಿಬ್ಬವಾಗುತ್ತದೆ. ಬೆಟ್ಟವು ಪೂರ್ತಿ ಮುಳುಗಿದಾಗ ಹವಳದ ಬಳೆ ಮಾತ್ರ ಉಳಿದು ಕಂಕಣ ದ್ವೀಪವಾಗುತ್ತದೆ. ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿದ್ದಾಗ, ನಿಜವಾದ ಹವಳದ ದಿಬ್ಬವೊಂದನ್ನೂ ಕಾಣುವುದಕ್ಕೆ ಮೊದಲೇ, ಈ ವಿಚಾರವು ಅವನಿಗೆ ಹೊಳೆದಿತ್ತು. ೧೮೪೨ರಲ್ಲಿ ಪ್ರಕಟವಾದ ಹವಳದ ದಿಬ್ಬಗಳ ರಚನೆ ಮತ್ತು ಹಂಚಿಕೆಯನ್ನು ಕುರಿತ ಅವನ ಗ್ರಂಥವು ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿತು.

ವಿದ್ವಾಂಸರು ಇದನ್ನು ಒಡನೆಯೇ ಒಪ್ಪಿಕೊಂಡರೆಂದಲ್ಲ. 'ಚಾಲೆಂಜರ್' ನೌಕೆಯ ಸಂಶೋಧನ ಯಾತ್ರೆಯಲ್ಲಿ ಪಾಲ್ಗೊಂಡಿದ್ದ ಜಾನ್ ಮರ್ರೆಯು, ಕಡಲತಳದ ದಿಣ್ಣೆಗಳ ಮೇಲೆ ಜೀವಿಗಳ ಚಿಪ್ಪುಗಳು ಶೇಖರವಾಗುತ್ತಾ ಬಂದು, ಬೇಕಾದಷ್ಟು ಎತ್ತರವಾದ ಮೇಲೆ ಹವಳವು ನೆಲೆಯೂರಿತೆಂದು ೧೮೮೦ರಲ್ಲಿ ವಾದಿಸಿದನು. ಅಮೆರಿಕದ ಅಲೆಕ್ಸಾಂಡರ್ ಅಗಾಸಿಯೂ ಡಾರ್ವಿನ್ನನ ವಾದವನ್ನು ವಿರೋಧಿಸಿದನು. ಯಾರಾದರೊಬ್ಬ ಮಹಾ ಧನಿಕನು ಮನಸ್ಸು ಮಾಡಿ ಕಂಕಣ ದ್ವೀಪವನ್ನು ಆಳವಾಗಿ ಕೊರೆಸಿ ನೋಡಬಾರದೇ ಎಂದು ಡಾರ್ವಿನ್ನನು ಮರಣಕ್ಕೆ ಒಂದು ವರ್ಷ ಮೊದಲು, ೧೮೮೧ರಲ್ಲಿ, ಅದೇ ಅಗಾಸಿಗೆ ಬರೆದ ಪತ್ರದಲ್ಲಿ ಹಾರೈಸಿದ್ದನು.

ಇಲ್ಲಿಂದ ಬೈರಿಗೆಯ ಕಾಲ. ಲಂಡನ್ನಿನ ರಾಯಲ್ ಸೊಸೈಟಿಯು ೧೮೯೬ರಿಂದ ೧೮೯೮ರವರೆಗೆ ಶಾಂತಸಾಗರದ ಫುನಾಫುಟಿ ದ್ವೀಪವನ್ನು ಕೊರೆಯಿಸಿತು. ೧,೧೧೪ ಅಡಿ ಇಳಿದರೂ ಹವಳಜನ್ಯವಾದ ಸುಣ್ಣಕಲ್ಲೇ ಸಿಕ್ಕಿತಲ್ಲದೆ ಬುಡದ ಬಂಡೆ ಸಿಕ್ಕಲಿಲ್ಲ. ಇತ್ತಂಡದವರೂ ತಮ್ಮದೇ ಗೆಲುವೆಂದರು. ನಿಜವಾದ ತೀರ್ಪು ೧೯೫೨ರಲ್ಲಿ ದೊರಕಿತು. ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಅಮೆರಿಕನ್ನರ ಬೈರಿಗೆಯು ನಾಲ್ಕು ಸಾವಿರ ಅಡಿಗಳಿಗೂ ಮಿಕ್ಕಿದ ಸುಣ್ಣಕಲ್ಲನ್ನು ದಾಟಿ ಅಗ್ನಿಪರ್ವತದ ಕಪ್ಪು ಶಿಲೆಯನ್ನು ಮುಟ್ಟಿತು. ಸುಮಾರು ಐದು ಕೋಟಿ ವರ್ಷಗಳಿಂದ ಬೆಟ್ಟವು ಕುಸಿಯುತ್ತಲೂ ಹವಳವು ಏರುತ್ತಲೂ ಬಂದಿದ್ದಿತು. ನೂರಹತ್ತು ವರ್ಷಗಳ ಬಳಿಕ ಡಾರ್ವಿನ್ನನ ಮಾತು ನಿಂತಿತು. ಆದರೆ ಈ ಕೊರೆತವು ಬರಿಯ ಜ್ಞಾನದಾಹದಿಂದ ನಡೆದುದಲ್ಲ. ಅಣ್ವಸ್ತ್ರ ಪರೀಕ್ಷೆಗಳ ಸಿದ್ಧತೆಯೊಡನೆ ಅದು ಕೂಡಿಕೊಂಡಿತ್ತು. ಅದೇ ವರ್ಷ ನವೆಂಬರ್ ೧ರಂದು ಅಲ್ಲಿ ಸಿಡಿಸಿದ ಜಲಜನಕ ಸ್ಫೋಟಕವು ಎಲುಗೆಲಾಬ್ ಎಂಬ ಹವಳದ ನಡುಗಡ್ಡೆಯನ್ನು ಹೆಸರಿಲ್ಲದಂತೆ ಅಳಿಸಿ, ಅದರ ತಾಣದಲ್ಲಿ ಒಂದು ಮೈಲಿಗೂ ಅಗಲವಾದ ಗುಳಿಯನ್ನು ಉಳಿಸಿತು. ಗೋಡೆಯ ಹುಟ್ಟನ್ನು ಅರಿತುಕೊಂಡ ವರ್ಷದಲ್ಲಿಯೇ ಅದನ್ನು ಒಡೆಯುವ ವಿದ್ಯೆಯೂ ಅಲ್ಲಿ ಪ್ರಯೋಗಗೊಂಡಿತು.

ಹಗ್ಗವಾಗಲಿ ಬೈರಿಗೆಯಾಗಲಿ ಗೋಡೆಯ ಬಾಳನ್ನು ತೋರಿಸಲಾರದು. ಅದಕ್ಕೆ ಕಣ್ಣುಳ್ಳವನೊಬ್ಬನು ಇಳಿಯಬೇಕಾಗಿತ್ತು. ಅಗಸ್ಟಸ್ ಸೀಬೆಯು ೧೮೩೦ರ ದಶಕದಲ್ಲಿ ರೂಪಿಸಿದ ತಾಮ್ರದ ಶಿರಸ್ತ್ರಾಣವೂ ಮುಚ್ಚಿದ ಉಡುಪೂ ಮುಳುಗುಗಾರನಿಗೆ ಕಡಲತಳದಲ್ಲಿ ಗಂಟೆಗಟ್ಟಲೆ ನಿಲ್ಲುವ ಶಕ್ತಿಯನ್ನು ಕೊಟ್ಟವು. ಆದರೆ ಅವನು ಮೇಲಿನ ದೋಣಿಗೆ ಗಾಳಿಕೊಳವೆಯಿಂದ ಕಟ್ಟುಬಿದ್ದವನು. ಸೀಸದ ಪಾದರಕ್ಷೆ ತೊಟ್ಟು ನೆಲದ ಮೇಲೆ ನಡೆಯತಕ್ಕವನು. ನೆಲವೇ ಇಲ್ಲದ ನೆಟ್ಟನೆಯ ಗೋಡೆಯ ಪಕ್ಕದಲ್ಲಿ ಸಾಗುವುದು ಅವನಿಗೆ ಹೇಳಿದ ಕೆಲಸವಲ್ಲ.

ಹಾಗಿದ್ದರೂ ಸೆಳವಿನೊಡನೆ ಸಾಗುವ ಮುಳುಗುವಿದ್ಯೆ ಹುಟ್ಟಿದುದು ಈ ಶಿರಸ್ತ್ರಾಣದವರಿಂದಲೇ ಎಂಬುದನ್ನು ಮರೆಯಲಾಗದು. ಆಸ್ಟ್ರೇಲಿಯದ ವಾಯವ್ಯ ತೀರದ ಬ್ರೂಮ್ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುತ್ತಿನಚಿಪ್ಪಿನ ಉದ್ಯಮವು ಬೆಳೆಯಿತು. ಅಂಗಿಯ ಗುಂಡಿಗಳಿಗಾಗಿ ಆ ಚಿಪ್ಪು ಯುರೋಪು ಅಮೆರಿಕಗಳಿಗೆ ಹೋಗುತ್ತಿತ್ತು. ಅಲ್ಲಿಯ ಉಬ್ಬರವಿಳಿತಗಳು ಅತಿ ಪ್ರಬಲ. ನೀರಿಗೆ ಎದುರಾಗಿ ನಡೆಯುವುದು ಅಸಾಧ್ಯ. ಆದುದರಿಂದ ಹಾಯಿದೋಣಿಯನ್ನು ಸೆಳವಿನೊಡನೆ ತೇಲಬಿಟ್ಟು, ಮುಳುಗುಗಾರನು ಅದರ ಜೊತೆಗೇ ತಳದ ಮೇಲೆ ಸಾಗುತ್ತಾ ಚಿಪ್ಪುಗಳನ್ನು ಆಯುತ್ತಿದ್ದನು. ಆಯುತ್ತಿದ್ದವರು ಬಹುಮಂದಿ ಜಪಾನಿನ ಬಡ ಹಳ್ಳಿಗಳಿಂದ ಬಂದವರು. ಬ್ರೂಮಿನ ಜಪಾನೀ ಸ್ಮಶಾನದಲ್ಲಿ ೯೦೦ಕ್ಕೂ ಮಿಕ್ಕಿ ಜನ ಮಣ್ಣುಗೂಡಿದ್ದಾರೆ. ಬಿರುಗಾಳಿಗೆ ಸಿಕ್ಕಿ ಮಡಿದವರು ಕೆಲವರು, ಆಳದ ಒತ್ತಡದ ರೋಗಕ್ಕೆ ತುತ್ತಾದವರು ಅನೇಕರು. ಇಂದು ವಿನೋದಕ್ಕಾಗಿ ಸೆಳವಿನಲ್ಲಿ ತೇಲುವವರು ಮೊದಲು ನೆನೆಯಬೇಕಾದುದು ಈ ಕೂಲಿಯವರನ್ನು.

ಆ ರೋಗದ ಕಾರಣವನ್ನು ಫ್ರಾನ್ಸಿನ ಪಾಲ್ ಬೇರ್ ಎಂಬ ಶರೀರವಿಜ್ಞಾನಿಯು ೧೮೭೮ರಲ್ಲಿ ವಿಶದಪಡಿಸಿದನು. ನೀರಿನಲ್ಲಿ ಹತ್ತು ಮೀಟರು ಇಳಿದಂತೆಲ್ಲ ವಾಯುಮಂಡಲದ ಒಂದು ಪಾಲಿನಷ್ಟು ಒತ್ತಡ ಕೂಡುತ್ತದೆ. ಒತ್ತಡ ಹೆಚ್ಚಿದಾಗ ಉಸಿರಿನ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ನಿಲ್ಲುತ್ತದೆ. ಬೇಗನೆ ಮೇಲೇರಿದರೆ ಅದು ಗುಳ್ಳೆಗಳಾಗಿ ಹೊರಟು ಕೀಲುಗಳನ್ನು ಹಿಂಡುತ್ತದೆ, ನರಗಳನ್ನು ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಹಂತಹಂತವಾಗಿ ತಂಗುತ್ತಾ ಮೇಲೇರುವ ಕ್ರಮವನ್ನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನನು ೧೯೦೮ರಲ್ಲಿ ಪಟ್ಟಿಗಳ ರೂಪದಲ್ಲಿ ಪ್ರಕಟಿಸಿದನು. ಇಂದಿನ ಪ್ರತಿಯೊಬ್ಬ ಮುಳುಗುಗಾರನ ಲೆಕ್ಕಾಚಾರವೂ ಆ ಪಟ್ಟಿಗಳ ವಂಶಕ್ಕೇ ಸೇರಿದೆ.

ಇನ್ನು ಕೊಳವೆಯ ಕಟ್ಟನ್ನು ಕಡಿಯುವುದು ಉಳಿಯಿತು. ರೂಕೈರೋಲ್ ಎಂಬ ಗಣಿ ಇಂಜಿನಿಯರನೂ ದನೆರೂಜ್ ಎಂಬ ನೌಕಾಧಿಕಾರಿಯೂ ೧೮೬೦ರ ದಶಕದಲ್ಲಿಯೇ, ಉಸಿರೆಳೆದಾಗ ಮಾತ್ರ ತಕ್ಕಷ್ಟು ಗಾಳಿಯನ್ನು ಬಿಡುವ ಸಾಧನವೊಂದನ್ನು ನಿರ್ಮಿಸಿದ್ದರು. ಆ ಕಾಲದ ಲೋಹದ ಪಾತ್ರೆಗೆ ಹೆಚ್ಚಿನ ಒತ್ತಡವನ್ನು ತಾಳುವ ಶಕ್ತಿಯಿರದ ಕಾರಣ ಅದರಿಂದ ಪೂರ್ಣ ಸ್ವಾತಂತ್ರ್ಯ ದೊರೆಯಲಿಲ್ಲ. ಎಂಬತ್ತು ವರ್ಷಗಳ ಮೇಲೆ, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲಿನ ಅಭಾವವುಂಟಾದಾಗ, ಎಮಿಲ್ ಗಾನ್ಯಾಂ ಎಂಬ ಇಂಜಿನಿಯರನು ಮೋಟಾರುಗಳನ್ನು ಅನಿಲದಿಂದ ಓಡಿಸಲು ಒಂದು ಕವಾಟವನ್ನು ರಚಿಸಿದ್ದನು. ನೌಕಾದಳದ ಜಾಕ್ ಕುಸ್ತೋ ಅವನನ್ನು ಕಂಡು, ಅದೇ ತತ್ತ್ವವನ್ನು ಮನುಷ್ಯನ ಉಸಿರಿಗೆ ಹೊಂದಿಸುವಂತೆ ಕೇಳಿದನು. ೧೯೪೩ರಲ್ಲಿ ಮಾರ್ನ್ ನದಿಯಲ್ಲಿಯೂ ಬಳಿಕ ಮೆಡಿಟರೇನಿಯನ್ ಕಡಲಿನಲ್ಲಿಯೂ ಪರೀಕ್ಷೆಗಳು ನಡೆದುವು. ಬೆನ್ನಿನ ಮೇಲೆ ಒತ್ತಿ ತುಂಬಿದ ಗಾಳಿಯ ಸೀಸೆ, ಬಾಯಲ್ಲಿ ರಬ್ಬರಿನ ಕಡಿವಾಣ, ನಡುವೆ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಕೊಡುವ ಕವಾಟ. ಮುಂದೆ ಸ್ಕೂಬಾ ಎಂದು ಲೋಕಪ್ರಸಿದ್ಧವಾದ ಸಲಕರಣೆಯ ಸಾರವಿಷ್ಟೆ. ಇದನ್ನು ತೊಟ್ಟವನಿಗೆ ಮೇಲಿನ ಹಂಗಿಲ್ಲ, ಕೆಳಗಿನ ನೆಲವೂ ಬೇಕಿಲ್ಲ.

ಆದರೆ ಹೊಸ ಸ್ವಾತಂತ್ರ್ಯಕ್ಕೆ ಒಂದು ಮಿತಿಯುಂಟು. ಗಂಟೆಗೆ ಒಂದು ಕಡಲಮೈಲಿ ವೇಗದ ಸೆಳವೆಂದರೆ ಸೆಕೆಂಡಿಗೆ ಅರ್ಧ ಮೀಟರು ಮಾತ್ರ. ದಡದಲ್ಲಿ ನಿಂತವನಿಗೆ ಅದು ನಗಣ್ಯವೆನಿಸಬಹುದು. ಅದಕ್ಕೆದುರಾಗಿ ಈಜಲು ಹೊರಟ ಮುಳುಗುಗಾರನು ಸ್ವಲ್ಪ ಹೊತ್ತಿನಲ್ಲಿಯೇ ಬಸವಳಿದು, ಸೀಸೆಯ ಗಾಳಿಯನ್ನೆಲ್ಲ ಏದುಸಿರಿನಲ್ಲಿ ಕಳೆದುಕೊಳ್ಳುತ್ತಾನೆ. ಹಾಗೆಂದು ಸೆಳವಿಲ್ಲದ ಕಡೆಗೆ ಹೋದರೆ ಸೊಂಪಾದ ಗೋಡೆಯೇ ಸಿಕ್ಕದು. ಆದುದರಿಂದ ಸೆಳವಿನ ಮೇಲ್ಭಾಗದಲ್ಲಿ ನೀರಿಗಿಳಿದು, ಅದು ಒಯ್ದಂತೆ ಗೋಡೆಯ ಪಕ್ಕದಲ್ಲಿ ಸಾಗಿ, ಕೆಳಭಾಗದಲ್ಲಿ ಮೇಲೇರುವ ಪದ್ಧತಿಯು ನೆಲೆಗೊಂಡಿತು. ದೋಣಿಯು ಲಂಗರು ಹಾಕದೆ ನೀರಿನ ಗುಳ್ಳೆಗಳನ್ನೋ, ಮುಳುಗುಗಾರನು ಹಿಡಿದ ದಾರದ ತೇಲುಬುರುಡೆಯನ್ನೋ ನೋಡುತ್ತಾ ಹಿಂಬಾಲಿಸುತ್ತದೆ. ಲಂಗರಿನ ಹೊಡೆತ ಹವಳಕ್ಕೆ ತಗಲದಿರುವುದು ಇದರಿಂದಾಗುವ ಇನ್ನೊಂದು ಲಾಭ. ಯುಕಟಾನ್ ಸೆಳವು ಹಾದುಹೋಗುವ ಮೆಕ್ಸಿಕೋದ ಕೊಸುಮೆಲ್ ದ್ವೀಪದಲ್ಲಿ ಈ ಪದ್ಧತಿಯೇ ನಿತ್ಯದ ರೂಢಿಯಾಯಿತು. ಸೆಳವು ಇನ್ನೂ ಬಿರುಸಾದ ಪಲಾವು ದ್ವೀಪಗಳಲ್ಲಿ, ದಾರದ ತುದಿಗೆ ಕಟ್ಟಿದ ಕೊಕ್ಕೆಯನ್ನು ಸತ್ತ ಬಂಡೆಗೆ ಸಿಕ್ಕಿಸಿ, ಗಾಳಿಪಟದಂತೆ ನೀರಿನಲ್ಲಿ ನಿಂತು ನೋಡುವ ಉಪಾಯವೂ ಬಳಕೆಗೆ ಬಂದಿತು. ಇದರಲ್ಲಿ ಅಪಾಯವಿಲ್ಲವೆಂದಲ್ಲ. ಗೋಡೆಯ ಮೂಲೆಗಳಲ್ಲಿ ನೀರು ಥಟ್ಟನೆ ಕೆಳಮುಖವಾಗಿ ಎಳೆಯುವುದುಂಟು. ಆಳವನ್ನು ಕ್ಷಣಕ್ಷಣಕ್ಕೂ ಗಮನಿಸದವನಿಗೆ ತಾನು ಇಳಿಯುತ್ತಿರುವುದೇ ತಿಳಿಯದು.

ಈ ವಿದ್ಯೆಯಿಂದ ಲಭಿಸಿದ ಜ್ಞಾನಕ್ಕೆ ಒಂದು ಉದಾಹರಣೆಯನ್ನು ಕೊಡುತ್ತೇನೆ. ಥಾಮಸ್ ಗೊರೋ ಎಂಬ ವಿಜ್ಞಾನಿಯು ೧೯೫೦ರ ದಶಕದಿಂದ ಜಮೈಕಾದ ಉತ್ತರತೀರದ ದಿಬ್ಬಗಳಲ್ಲಿ ತಾನೇ ಮುಳುಗಿ, ಯಾವ ಆಳದಲ್ಲಿ ಯಾವ ಹವಳವಿದೆಯೆಂಬುದನ್ನು ಗುರುತಿಸಿ, ೧೯೫೯ರಲ್ಲಿ ಪ್ರಬಂಧರೂಪವಾಗಿ ಪ್ರಕಟಿಸಿದನು. ಅಲ್ಲಿಯ ಗೋಡೆಯ ಕತ್ತಲೆಯ ಪೊಟರೆಗಳಲ್ಲಿ ಸುಣ್ಣದ ಗಟ್ಟಿಯೊಡಲುಳ್ಳ ವಿಚಿತ್ರವಾದ ಸ್ಪಂಜುಗಳು ಕಂಡುಬಂದುವು. ಅವುಗಳಲ್ಲೊಂದನ್ನು ೧೯೧೧ರಲ್ಲಿ ಪಂಡಿತರು ಹವಳದ ಬಳಗದ ಜೀವಿಯೆಂದು ಹೆಸರಿಸಿದ್ದರು. ಜೀವಂತವಾಗಿ, ಇದ್ದ ಸ್ಥಳದಲ್ಲಿಯೇ ಕಂಡುದರಿಂದ ೧೯೭೦ರಲ್ಲಿ ಹಾರ್ಟ್‌ಮನ್ ಮತ್ತು ಗೊರೋ ಅವುಗಳ ನಿಜಸ್ವರೂಪವನ್ನು ನಿರ್ಧರಿಸಿ, ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದೆ ದಿಬ್ಬ ಕಟ್ಟುತ್ತಿದ್ದ ಪಳೆಯುಳಿಕೆಯ ಜೀವಿಗಳಿಗೆ ಇವು ಸಂಬಂಧಿಗಳೆಂದು ತೋರಿಸಿದರು. ಅಳಿದುಹೋದುವೆಂದು ಭಾವಿಸಿದ್ದ ಒಂದು ಮನೆತನದ ಕುಡಿಗಳು ಗೋಡೆಯ ಸಂದಿನಲ್ಲಿ ಬಾಳುತ್ತಿದ್ದುವು.

ಆದರೆ ಜಮೈಕಾದ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ೧೯೮೦ರಲ್ಲಿ ಭೀಕರ ಬಿರುಗಾಳಿಯೊಂದು ಆ ದಿಬ್ಬಗಳನ್ನು ಜಜ್ಜಿತು. ೧೯೮೩ರ ಸುಮಾರಿಗೆ ಪಾಚಿಯನ್ನು ಮೇಯುತ್ತಿದ್ದ ಕರಿಮುಳ್ಳಿನ ಕಡಲಜೀವಿಗಳು ಸಾಂಕ್ರಾಮಿಕ ರೋಗದಿಂದ ಸತ್ತುವು. ಪಾಚಿ ಮೇಯುವ ಮೀನುಗಳನ್ನು ಜನರು ಮೊದಲೇ ಹಿಡಿದು ಮುಗಿಸಿದ್ದರು. ಮೇಯುವವರಿಲ್ಲದೆ ಪಾಚಿಯು ಹವಳವನ್ನು ಮುಸುಕಿತು. ೧೯೭೭ರಲ್ಲಿ ಶೇಕಡಾ ೫೨ರಷ್ಟಿದ್ದ ಜೀವಂತ ಹವಳದ ಹೊದಿಕೆ ೧೯೯೩ರ ವೇಳೆಗೆ ಶೇಕಡಾ ೩ಕ್ಕೆ ಇಳಿಯಿತು. ಗೊರೋನ ಕಾಲದ ಮುಳುಗುಗಾರರು ನೋಡಿ ಬರೆದಿಡದೆ ಹೋಗಿದ್ದರೆ, ಆ ತೀರದಲ್ಲಿ ಏನಿತ್ತು, ಏನು ಹೋಯಿತು ಎಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಕಡಲ ಮೇಲಿನಿಂದ ನೋಡುವವನಿಗೆ ಅಂದೂ ಇಂದೂ ನೀರು ಒಂದೇ ನೀಲಿ.

ಮುಳುಗುಗಾರರೆಲ್ಲರೂ ಗೋಡೆಗೆ ಹಿತವನ್ನೇ ಬಗೆದರೆಂದು ಹೇಳುವಂತಿಲ್ಲ. ಕುಸ್ತೋ ಚಿತ್ರಿಸಿದ 'ಮೌನ ಪ್ರಪಂಚ'ವೆಂಬ ಚಲನಚಿತ್ರವು ೧೯೫೬ರಲ್ಲಿ ಕಾನ್ ಉತ್ಸವದ ಪರಮ ಪ್ರಶಸ್ತಿಯನ್ನು ಗಳಿಸಿತು. ಮೀನುಗಳ ಜಾತಿಗಳನ್ನು ಎಣಿಸುವುದಕ್ಕಾಗಿ ಹವಳದ ದಿಬ್ಬಕ್ಕೆ ಸಿಡಿಮದ್ದು ಇಟ್ಟ ದೃಶ್ಯವೂ ಅದೇ ಚಿತ್ರದಲ್ಲಿದೆ. ಅದೇ ಕುಸ್ತೋ ಮುಂದೆ ಕಡಲ ರಕ್ಷಣೆಯ ವಕ್ತಾರನಾದುದು ಸರ್ವವಿದಿತ. ಇಂದಿನ ಆಪತ್ತು ಸಿಡಿಮದ್ದಿಗಿಂತಲೂ ವ್ಯಾಪಕವಾದುದು. ಬೇಸಗೆಯ ಅತ್ಯಧಿಕ ಶಾಖಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ, ಹವಳವು ತನ್ನೊಳಗಿನ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಂಪು ಬೇಗನೆ ಮರಳದಿದ್ದರೆ ಹಸಿವಿನಿಂದ ಸಾಯುತ್ತದೆ. ೧೯೯೮, ೨೦೧೦ ಹಾಗೂ ೨೦೧೪ರಿಂದ ೨೦೧೭ರವರೆಗಿನ ಬಿಳಿಚುವಿಕೆಗಳ ಬಳಿಕ ೨೦೨೩ರಲ್ಲಿ ನಾಲ್ಕನೆಯದು ಆರಂಭವಾಯಿತು. ೨೦೨೫ರ ಏಪ್ರಿಲ್ ವೇಳೆಗೆ ಲೋಕದ ಹವಳ ಪ್ರದೇಶದ ಸುಮಾರು ಶೇಕಡಾ ೮೪ಕ್ಕೆ ಆ ಮಟ್ಟದ ಬಿಸಿ ತಾಗಿದ್ದಿತು.

ಇದೆಲ್ಲವೂ ದೂರದ ಸಮುದ್ರಗಳ ಸುದ್ದಿಯೆಂದು ಕಾಸರಗೋಡಿನ ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ಪಡುಗಡಲಿನಾಚೆ ಇರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮೀನ್‌ದೀವಿ ದ್ವೀಪಗಳು ಡಾರ್ವಿನ್ನನು ವಿವರಿಸಿದ ಬಗೆಯ ಹವಳದ ದ್ವೀಪಗಳೇ. ಅವುಗಳ ಬುಡದಲ್ಲಿರುವುದು ಮುಳುಗಿದ ಅಗ್ನಿಶಿಲೆಯ ಏಣು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಡಳಿತಕ್ಕೂ, ೧೭೯೯ರ ಬಳಿಕ ಇಂಗ್ಲಿಷರ ಆಡಳಿತಕ್ಕೂ ಒಳಪಟ್ಟ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುವು. ದ್ವೀಪದವರ ಓಡಗಳು ತೆಂಗಿನ ನಾರನ್ನು ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದುವು. ಸರಕಾರವು ಆ ನಾರನ್ನು ತಾನೇ ಕೊಂಡು ಬದಲಿಗೆ ಅಕ್ಕಿಯನ್ನು ಕೊಡುತ್ತಿತ್ತು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೂ ಈ ದ್ವೀಪಗಳು ಕೇಂದ್ರಾಡಳಿತಕ್ಕೂ ಸೇರಿ, ಒಂದೇ ಜಿಲ್ಲೆಯ ಕಡತಗಳಲ್ಲಿದ್ದವರು ಬೇರೆ ಬೇರೆ ದಾರಿ ಹಿಡಿದರು. ೧೯೭೩ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು.

ಕಡಮತ್ ದ್ವೀಪದ ಹೊರ ಇಳಿಜಾರಿನಲ್ಲಿ ಈಗ ಗಾಳಿಯ ಸೀಸೆ ಹೊತ್ತ ಪ್ರವಾಸಿಗಳು ಮುಳುಗುತ್ತಾರೆ, ಸಂಶೋಧಕರೂ ಮುಳುಗುತ್ತಾರೆ. ೧೯೯೮ರ ಬಿಳಿಚುವಿಕೆಯಿಂದ ಮೊದಲುಗೊಂಡು ಇಪ್ಪತ್ತನಾಲ್ಕು ವರ್ಷ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ನಡೆದ ಅಳತೆಗಳ ಪ್ರಕಾರ ಜೀವಂತ ಹವಳದ ಹೊದಿಕೆಯು ಸುಮಾರು ಶೇಕಡಾ ೩೭ರಿಂದ ೧೯ಕ್ಕೆ, ಎಂದರೆ ಅರ್ಧಕ್ಕೆ, ಇಳಿದಿದೆ. ಸಮುದ್ರಮಟ್ಟದಿಂದ ನಾಲ್ಕಾರು ಅಡಿ ಮಾತ್ರ ಎದ್ದಿರುವ ಆ ದ್ವೀಪಗಳಿಗೆ ಹವಳದ ದಿಬ್ಬವೇ ಅಲೆಗಳ ವಿರುದ್ಧ ನಿಂತ ಕೋಟೆ. ಅದು ಸವೆದಷ್ಟೂ ಒಳಗಿನ ಮನೆ, ತೆಂಗಿನ ತೋಟ, ಸಿಹಿನೀರಿನ ಬಾವಿಗಳಿಗೆ ಕಡಲು ಹತ್ತಿರವಾಗುತ್ತದೆ.

ಗೋಡೆಯನ್ನು ಕಟ್ಟಲು ಹವಳಕ್ಕೆ ಕೋಟ್ಯಂತರ ವರ್ಷಗಳು ಬೇಕಾದುವು. ಅದನ್ನು ಮಾನವನು ಕಣ್ಣಾರೆ ನೋಡತೊಡಗಿ ಎಂಬತ್ತು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಕಾಲವಷ್ಟೇ ಆಗಿದೆ. ಇಷ್ಟು ಅಲ್ಪಾವಧಿಯಲ್ಲಿ ದೊರೆತ ಸಾಕ್ಷ್ಯವು ಅಮೂಲ್ಯವಾದುದು. ಸೆಳವಿನೊಡನೆ ಸಾಗಿ ಬರುವವರು ಕಂಡುದನ್ನು ಇಸವಿ, ಆಳ, ಅಳತೆಗಳೊಡನೆ ಬರೆದಿಡುವುದೂ, ದಡದಲ್ಲಿರುವ ನಾವು ಅದನ್ನು ಓದಿ ನಮ್ಮ ನೆರೆಯ ದ್ವೀಪಗಳ ಸ್ಥಿತಿಯನ್ನು ವಿಚಾರಿಸುವುದೂ ಇನ್ನು ಮುಂದಿನ ಕೆಲಸ. ಕಡಮತ್ತಿನ ಗೋಡೆಯಲ್ಲಿ ಉಳಿದಿರುವ ಹವಳಕ್ಕೆ ಕಡಲ ತಂಪಿನ ಹತ್ತಾರು ವರ್ಷಗಳು ಸಿಕ್ಕಿದರೆ ಅದು ಮತ್ತೆ ಹಬ್ಬೀತು. ಆ ಬಿಡುವನ್ನು ಅದಕ್ಕೆ ಕೊಡುವುದೂ ಬಿಡುವುದೂ ನೆಲದ ಮೇಲಿನ ನಮ್ಮ ನಡತೆಯನ್ನು ಅವಲಂಬಿಸಿದೆ.